ಕ್ಯಾಮೆರಾ ಇಲ್ಲದೆ ಮೂಡಿದ ಚಿತ್ರಗಳು

ಆಸ್ಟ್ರೇಲಿಯಾದಲ್ಲಿ ನಿಯಮಿತ ಟಿವಿ ಪ್ರಸಾರವು 1956ರಲ್ಲಿ ಸಿಡ್ನಿ ಮತ್ತು ಮೆಲ್ಬರ್ನ್‌ಗಳಲ್ಲಿ ಆರಂಭವಾಯಿತು. ಎಂಟೇ ವರ್ಷಗಳ ಬಳಿಕ, 1964ರಲ್ಲಿ, ಮೆಲ್ಬರ್ನಿನ ಆರ್ಗಸ್ ಗ್ಯಾಲರಿಯಲ್ಲಿ ಅಪರೂಪದ ಪ್ರದರ್ಶನವೊಂದು ನಡೆಯಿತು. ಪೋಲೆಂಡಿನಿಂದ ವಲಸೆ ಬಂದ ಕಲಾವಿದ ಸ್ಟಾನಿಸ್ಲಾವ್ ಓಸ್ಟೊಯಾ-ಕೊಟ್ಕೊವ್ಸ್ಕಿ ಅವರು ಅಡಿಲೇಡಿನ ಫಿಲಿಪ್ಸ್ ತಂತ್ರಜ್ಞರ ನೆರವಿನಿಂದ ಟಿವಿ ಪರದೆಯ ಬಿಂಬವನ್ನು ವಿದ್ಯುತ್ ಸಂಕೇತಗಳಿಂದ ತಿರುಚಿ, ಅದರ ಛಾಯಾಚಿತ್ರಗಳನ್ನು ಅಲ್ಲಿ ತೂಗುಹಾಕಿದ್ದರು. ಕುಂಚವೂ ಇಲ್ಲ, ಬಣ್ಣದ ಡಬ್ಬಿಯೂ ಇಲ್ಲ.

ವಿಡಿಯೋ ಸಿಂಥಸೈಜರ್ ಎಂಬ ಯಂತ್ರದ ಮರ್ಮವೂ ಇದೇ. ಅದಕ್ಕೆ ಕ್ಯಾಮೆರಾ ಬೇಕೆಂದಿಲ್ಲ. ಆಂದೋಲಕಗಳು ಹೊಮ್ಮಿಸುವ ವೋಲ್ಟೇಜೇ ಪರದೆಯ ಮೇಲೆ ಬೆಳಕಾಗುತ್ತದೆ. ಕಂಪನ ನಿಧಾನವಾಗಿದ್ದರೆ ಅಡ್ಡ ಪಟ್ಟೆಗಳು, ಸೆಕೆಂಡಿಗೆ 15,625 ಬಾರಿಯಷ್ಟು ಅಥವಾ ಅದರ ಗುಣಕಗಳಷ್ಟು ವೇಗವಾದರೆ ನಿಂತ ಪಟ್ಟೆಗಳು. ವೈದ್ಯರಾದ ನಮಗೆ ಇದು ತೀರ ಅಪರಿಚಿತವಲ್ಲ: ಇಸಿಜಿ ಪರದೆಯಲ್ಲಿ ಓಡುವ ಗೆರೆಯೂ ಬೆಳಕಿನ ರೂಪ ತಳೆದ ವೋಲ್ಟೇಜೇ.

ಎಪ್ಪತ್ತರ ದಶಕದಲ್ಲಿ ಈ ಕಲೆಗೆ ಇಲ್ಲಿ ಬೇರು ಬಂತು. 1973ರ ನಿಂಬಿನ್ ಉತ್ಸವಕ್ಕಾಗಿ ಕೂಡಿದ ಬುಷ್ ವಿಡಿಯೋ ತಂಡವು ಬಳಿಕ ಸಿಡ್ನಿಯಲ್ಲಿ ಪ್ರಯೋಗಗಳನ್ನು ಮುಂದುವರಿಸಿತು. ಮೆಲ್ಬರ್ನಿನ ಲಾ ಟ್ರೋಬ್ ವಿಶ್ವವಿದ್ಯಾಲಯದಲ್ಲಿ ಸಂಗೀತಗಾರ ವಾರೆನ್ ಬರ್ಟ್ ಅವರು ಇಂಗ್ಲೆಂಡಿನಲ್ಲಿ ತಯಾರಾದ ಸ್ಪೆಕ್ಟರ್ ಯಂತ್ರದೊಡನೆ ದುಡಿದರು. ಸಿಡ್ನಿಯ ಸ್ಟೀಫನ್ ಜೋನ್ಸ್ ತಮ್ಮ ಸಿಂಥಸೈಜರನ್ನು ತಾವೇ ಕಟ್ಟಿಕೊಂಡು, ಸೆವರ್ಡ್ ಹೆಡ್ಸ್ ಸಂಗೀತ ತಂಡದ ವೇದಿಕೆಯಲ್ಲಿ ಚಿತ್ರಗಳನ್ನು ನುಡಿಸಿದರು. ಈ ಇತಿಹಾಸವನ್ನು ಶ್ರಮವಹಿಸಿ ಗ್ರಂಥರೂಪದಲ್ಲಿ ದಾಖಲಿಸಿದವರೂ ಅವರೇ.

ಸಿಡ್ನಿಯ ಹೆಸರನ್ನು ಜಗತ್ತಿಗೆ ಒಯ್ದದ್ದು ಫೇರ್‌ಲೈಟ್. 1975ರಲ್ಲಿ ಕಿಮ್ ರೈರಿ ಮತ್ತು ಪೀಟರ್ ವೋಗೆಲ್ ಸ್ಥಾಪಿಸಿದ ಈ ಸಂಸ್ಥೆಗೆ, ರೈರಿಯವರ ಅಜ್ಜಿಯ ಮನೆಯ ಮುಂದೆ ಬಂದರಿನಲ್ಲಿ ಹಾದುಹೋಗುತ್ತಿದ್ದ ದೋಣಿಯ ಹೆಸರನ್ನಿಟ್ಟರಂತೆ! 1979ರ ಸಂಗೀತ ಯಂತ್ರದ ಕೀರ್ತಿಯ ಬೆನ್ನಿಗೇ 1984ರಲ್ಲಿ ಸಿವಿಐ ಎಂಬ ವಿಡಿಯೋ ಉಪಕರಣ ಬಂತು. ಕ್ಯಾಮೆರಾದ ದೃಶ್ಯವನ್ನು ಆ ಕ್ಷಣದಲ್ಲೇ ಹಿಗ್ಗಿಸಲು, ಪ್ರತಿಬಿಂಬಿಸಲು, ಅದರ ಮೇಲೆ ಬಣ್ಣ ಬಳಿಯಲು ಅದರಲ್ಲಿ ಸಾಧ್ಯವಿತ್ತು. ಮಂಟಪದ ಮೇಲೆ ಹೃದಯಾಕಾರದಲ್ಲಿ ತೆರೆದುಕೊಳ್ಳುತ್ತಿದ್ದ ನಮ್ಮ ಮದುವೆ ಕ್ಯಾಸೆಟ್ಟುಗಳ ಚಮತ್ಕಾರಗಳೂ ಇಂಥ ಯಂತ್ರಗಳ ದೂರದ ನೆಂಟರೇ. ನಕ್ಕುಬಿಡುವುದು ಸುಲಭ, ನಮಗಂತೂ ಅವು ಇಂದಿಗೂ ಪ್ರಿಯ.

ಭಾರತ ಮತ್ತು ಆಸ್ಟ್ರೇಲಿಯಾಗಳೆರಡೂ 625 ಗೆರೆಗಳ ಪಾಲ್ ಪದ್ಧತಿಯನ್ನೇ ಅನುಸರಿಸಿದ್ದರಿಂದ, ಊರಿನಿಂದ ತಂದ ಕ್ಯಾಸೆಟ್ಟುಗಳು ಇಲ್ಲಿನ ವಿಸಿಆರ್‌ಗಳಲ್ಲಿ ತೊಡಕಿಲ್ಲದೆ ಓಡಿದವು. ಅಮೆರಿಕದ ಬಂಧುಗಳಿಗೆ ಆ ಭಾಗ್ಯವಿರಲಿಲ್ಲ. ಆದರೆ ವಿಎಚ್‌ಎಸ್ ಯಂತ್ರಗಳ ತಯಾರಿಕೆ 2016ರಲ್ಲಿ ನಿಂತಿತು. ಡಿಜಿಟಲ್ ಪ್ರತಿಯಾಗದ ಕಾಂತೀಯ ಟೇಪುಗಳು 2025ರ ನಂತರ ಉಳಿಯುವುದು ಕಷ್ಟವೆಂದು ಇಲ್ಲಿನ ರಾಷ್ಟ್ರೀಯ ಚಲನಚಿತ್ರ ಮತ್ತು ಧ್ವನಿ ಸಂಗ್ರಹಾಲಯ ವರ್ಷಗಳ ಹಿಂದೆಯೇ ಎಚ್ಚರಿಸಿತ್ತು. ಕಲಾವಿದರ ಟೇಪುಗಳಿಗೂ ನಮ್ಮ ಅಟ್ಟದ ಮೇಲಿನ ನಾಮಕರಣ, ಉಪನಯನಗಳ ಟೇಪುಗಳಿಗೂ ವ್ಯಾಧಿ ಒಂದೇ.

ಸದಸ್ಯರಲ್ಲಿ ವಿನಂತಿ: ಪ್ರತಿ ಮಾಡಿಸಲು ಕೊಂಡೊಯ್ಯುವ ಮುನ್ನ ಕ್ಯಾಸೆಟ್ಟಿನ ಕಿಟಕಿಯಲ್ಲಿ ಇಣುಕಿ ನೋಡಿರಿ. ಸುರುಳಿಯ ಮೇಲೆ ಬಿಳಿಯ ಪುಡಿ ಕಂಡರೆ ಅದು ಬೂಷ್ಟು. ಅಂಥದ್ದನ್ನು ಮನೆಯ ಯಂತ್ರಕ್ಕೆ ಹಾಕಬೇಡಿರಿ. ಅದು ಯಂತ್ರಕ್ಕೆ ಅಂಟಿ, ಮುಂದೆ ಹಾಕುವ ಟೇಪಿಗೂ ಹರಡುತ್ತದೆ. ಬೇರೆಯಾಗಿರಿಸಿ ಪರಿಣತರಿಗೇ ಒಪ್ಪಿಸಿರಿ.