ಬಿ.ಟಿ. ಬದನೆಯ ವಾದವಿವಾದ: ಒಂದು ಚಾರಿತ್ರಿಕ ಪರಾಮರ್ಶೆ

2010ನೆಯ ಇಸವಿಯ ಫೆಬ್ರವರಿ 6ರಂದು ಬೆಂಗಳೂರಿನಲ್ಲಿ ಒಂದು ಸಾರ್ವಜನಿಕ ಸಮಾಲೋಚನೆ ನಡೆಯಿತು. ಚರ್ಚೆಯ ವಸ್ತು ಬದನೆಕಾಯಿ. ಅಂದಿನ ಕೇಂದ್ರ ಪರಿಸರ ಸಚಿವ ಜೈರಾಮ್ ರಮೇಶ್ ಅವರು ಏಳು ನಗರಗಳಲ್ಲಿ ನಡೆಸಿದ ಸಭೆಗಳಲ್ಲಿ ಇದು ಕೊನೆಯದು. ಮೂರು ದಿನಗಳ ತರುವಾಯ ಅವರು ಬಿ.ಟಿ. ಬದನೆಯ ಬೇಸಾಯಕ್ಕೆ ತಡೆಯಾಜ್ಞೆಯನ್ನು ಘೋಷಿಸಿದರು. ಈ ಪ್ರಸಂಗವನ್ನು ವಿಜ್ಞಾನಕ್ಕೂ ಮೂಢನಂಬಿಕೆಗೂ ನಡೆದ ಹೋರಾಟವೆಂದು ಕೆಲವರೂ, ರೈತನಿಗೂ ಕಂಪನಿಗೂ ನಡೆದ ಹೋರಾಟವೆಂದು ಕೆಲವರೂ ಬಣ್ಣಿಸುತ್ತಾರೆ. ಈ ಎರಡು ವರ್ಣನೆಗಳೂ ಸಾಲವೆಂಬುದು ನಮ್ಮ ಅಭಿಪ್ರಾಯ. ಅಲ್ಲಿ ಎದ್ದುದು ಒಂದು ಪ್ರಶ್ನೆಯಲ್ಲ, ಮೂರು: ತಿನ್ನುವವನ ಆರೋಗ್ಯ, ಹೊಲದ ಸಮತೋಲ, ಬೀಜದ ಒಡೆತನ. ಒಂದಕ್ಕೆ ಕೊಡಬೇಕಾದ ಉತ್ತರವನ್ನು ಇನ್ನೊಂದಕ್ಕೆ ಕೊಟ್ಟುದರಿಂದಲೇ ಗೊಂದಲ ಬೆಳೆಯಿತು.

ಮೊದಲು ಹಿನ್ನೆಲೆಯನ್ನು ನೋಡೋಣ. ಮಣ್ಣಿನಲ್ಲಿ ವಾಸಿಸುವ ಬ್ಯಾಸಿಲಸ್ ತುರಿಂಜಿಯೆನ್ಸಿಸ್ ಎಂಬ ಸೂಕ್ಷ್ಮಜೀವಿ ಕೆಲವು ಕೀಟಗಳಿಗೆ ವಿಷವಾಗುವ ಪ್ರೋಟೀನನ್ನು ತಯಾರಿಸುತ್ತದೆ. ಆ ಗುಣದ ವಂಶವಾಹಿಯನ್ನು ಬೆಳೆಗೆ ಸೇರಿಸಿದರೆ ಗಿಡವೇ ಆ ಪ್ರೋಟೀನನ್ನು ತಯಾರಿಸಿಕೊಳ್ಳುತ್ತದೆ. ಭಾರತಕ್ಕೆ ಇಂಥ ಬೆಳೆ ಮೊದಲು ಬಂದುದು ಹತ್ತಿಯ ರೂಪದಲ್ಲಿ. 1998ರ ನವೆಂಬರಿನಲ್ಲಿ ಎಂ.ಡಿ. ನಂಜುಂಡಸ್ವಾಮಿಯವರ ನೇತೃತ್ವದ ಕರ್ನಾಟಕ ರಾಜ್ಯ ರೈತ ಸಂಘದವರು ರಾಯಚೂರು ಜಿಲ್ಲೆಯಲ್ಲಿ ಅದರ ಪ್ರಯೋಗದ ಬೆಳೆಯನ್ನು ಕಿತ್ತು ಸುಟ್ಟರು. ಆದರೂ 2002ರಲ್ಲಿ ಬಿ.ಟಿ. ಹತ್ತಿಗೆ ಅನುಮತಿ ದೊರೆಯಿತು. ಕೆಲವೇ ವರ್ಷಗಳಲ್ಲಿ ರೈತರು ಅದನ್ನು ವಿಶೇಷವಾಗಿ ಬೆಳೆಯತೊಡಗಿದರು. 2009ರ ಅಕ್ಟೋಬರ್ 14ರಂದು ಸರ್ಕಾರದ ಅನುಮೋದನಾ ಸಮಿತಿಯು ಬದನೆಗೂ ಸಮ್ಮತಿ ನೀಡಿತು. ಇದು ಜನರು ನೇರವಾಗಿ ಉಣ್ಣುವ ತರಕಾರಿಯಾದುದರಿಂದ ವಿವಾದವು ಹೊಲದಿಂದ ಅಡುಗೆಮನೆಗೆ ಬಂದಿತು.

ಬೆಂಬಲಿಗರ ವಾದವನ್ನು ಹಗುರವಾಗಿ ಕಾಣುವಂತಿಲ್ಲ. ಕುಡಿ ಮತ್ತು ಕಾಯಿ ಕೊರೆಯುವ ಹುಳುವು ಬದನೆಯ ಪರಮ ಶತ್ರು. ಮರಿಹುಳು ಒಮ್ಮೆ ಕಾಯಿಯೊಳಗೆ ಸೇರಿತೆಂದರೆ ಮೇಲೆ ಸಿಂಪಡಿಸಿದ ಔಷಧಿ ಅದನ್ನು ಮುಟ್ಟಲಾರದು. ಆದ್ದರಿಂದ ರೈತನು ಮೇಲಿಂದ ಮೇಲೆ ವಿಷವನ್ನು ಸಿಂಪಡಿಸುತ್ತಾನೆ. ಅದರ ಶೇಷವನ್ನು ಉಣ್ಣುವವರು ನಾವೇ. ಬಿ.ಟಿ. ಪ್ರೋಟೀನಾದರೋ ಹುಳುವಿನ ಕ್ಷಾರಯುಕ್ತ ಜಠರದಲ್ಲಿ ಕ್ರಿಯೆಗೊಂಡು, ಅಲ್ಲಿನ ವಿಶಿಷ್ಟ ಗ್ರಾಹಕಗಳಿಗೆ ಅಂಟಿಕೊಂಡು ಅದನ್ನು ಕೊಲ್ಲುತ್ತದೆ. ಮನುಷ್ಯನ ಜಠರವು ಆಮ್ಲಯುಕ್ತವಾದುದು, ಅಂಥ ಗ್ರಾಹಕಗಳೂ ಅವನಲ್ಲಿಲ್ಲ. ವಿಷ ಸಿಂಪಡಿಸಿದ ಕಾಯಿಗಿಂತ ಇದು ಕ್ಷೇಮವಲ್ಲವೆ ಎಂದು ಅವರು ಕೇಳಿದರು.

ವಿರೋಧಿಗಳು ಮುಖ್ಯವಾಗಿ ಆಕ್ಷೇಪಿಸಿದುದು ಪರೀಕ್ಷೆಯ ರೀತಿಯನ್ನು. ಬೀಜವನ್ನು ಮಾರಲಿರುವವರೇ ಅದರ ಕ್ಷೇಮದ ಪುರಾವೆಯನ್ನೂ ಒದಗಿಸುವುದು ನ್ಯಾಯವೆ? ದೀರ್ಘಕಾಲದ ಸ್ವತಂತ್ರ ಪರೀಕ್ಷೆ ಬೇಡವೆ? ಅಪಾಯವು ಸಿದ್ಧವಾಯಿತೆಂದು ಇದರಿಂದ ಹೇಳಲಾಗದು. ಸಾಕ್ಷಿಯು ಸಾಕ್ಷಿಯೆನಿಸಲು ಸ್ವತಂತ್ರವಾಗಿರಬೇಕೆಂಬುದೇ ಇದರ ತಿರುಳು. ಇತಿಹಾಸದ ವಿದ್ಯಾರ್ಥಿಗೆ ಈ ನಿಯಮ ಅಪರಿಚಿತವಲ್ಲ. ದಾನಶಾಸನವನ್ನು ದಾನ ಪಡೆದವನೇ ಬರೆಯಿಸಿದ್ದರೆ ನಾವು ಅದನ್ನು ಎಸೆಯುವುದಿಲ್ಲ. ಬೇರೆ ಆಧಾರಗಳೊಡನೆ ಹೋಲಿಸಿ ನೋಡುತ್ತೇವೆ.

ಎರಡನೆಯ ಪ್ರಶ್ನೆ ಹೊಲದ್ದು. ಒಂದೇ ವಿಷವನ್ನು ಸತತವಾಗಿ ಎದುರಿಸಿದ ಕೀಟವು ಕ್ರಮೇಣ ಅದನ್ನು ತಾಳಿಕೊಳ್ಳುತ್ತದೆ. ಗುಜರಾತಿನ ಕೆಲವು ಜಿಲ್ಲೆಗಳಲ್ಲಿ ಗುಲಾಬಿ ಕಾಯಿಕೊರಕವು ಮೊದಲ ತಲೆಮಾರಿನ ಬಿ.ಟಿ. ಹತ್ತಿಗೆ ಜಗ್ಗದಾಯಿತೆಂದು ಬೀಜದ ಕಂಪನಿಯೇ 2010ರ ಮಾರ್ಚಿನಲ್ಲಿ ಒಪ್ಪಿಕೊಂಡಿತು. ಇದಲ್ಲದೆ ಭಾರತವು ಬದನೆಯ ವೈವಿಧ್ಯಕ್ಕೆ ಹೆಸರಾದ ನಾಡು. ಉಡುಪಿಯ ಬಳಿಯ ಮಟ್ಟು ಗ್ರಾಮದ ಗುಳ್ಳವನ್ನೇ ನೋಡಬಹುದು. ವಾದಿರಾಜ ಸ್ವಾಮಿಗಳು ಅದರ ಬೀಜವನ್ನು ಕೊಟ್ಟರೆಂಬುದು ಅಲ್ಲಿನ ಐತಿಹ್ಯ. 2011ರಲ್ಲಿ ಅದಕ್ಕೆ ಭೌಗೋಳಿಕ ಸೂಚ್ಯಂಕದ ಮಾನ್ಯತೆಯೂ ದೊರೆಯಿತು. ಪರಾಗದ ಮೂಲಕ ಹೊಸ ವಂಶವಾಹಿಯು ಇಂಥ ತಳಿಗಳಿಗೆ ಸೇರಿದರೆ ಅದನ್ನು ಹಿಂದಕ್ಕೆ ಪಡೆಯುವ ಉಪಾಯವಿಲ್ಲ.

ಮೂರನೆಯ ಪ್ರಶ್ನೆಯೇ ನಮ್ಮ ದೃಷ್ಟಿಯಲ್ಲಿ ಅತ್ಯಂತ ಗಹನವಾದುದು. ಕಂಪನಿಯು ಮಾರಲಿದ್ದುದು ಸಂಕರ ಬೀಜ. ಅದನ್ನು ರೈತನು ಪ್ರತಿ ಸಲವೂ ಕೊಳ್ಳಬೇಕು. ಅದೇ ವಂಶವಾಹಿಯನ್ನು ಧಾರವಾಡದ ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯವು ಉಡುಪಿಯದೂ ಸೇರಿದಂತೆ ಸ್ಥಳೀಯ ತಳಿಗಳಿಗೆ ಸೇರಿಸುವ ಕಾರ್ಯದಲ್ಲಿ ತೊಡಗಿತ್ತು. ಈ ಬೀಜವನ್ನು ರೈತನು ಉಳಿಸಿಕೊಳ್ಳಬಹುದಿತ್ತು. ಆದರೆ ಸ್ಥಳೀಯ ತಳಿಗಳನ್ನು ಬಳಸುವ ಮುನ್ನ 2002ರ ಜೀವವೈವಿಧ್ಯ ಕಾಯಿದೆಯಂತೆ ಅನುಮತಿ ಪಡೆದಿರಲಿಲ್ಲವೆಂಬ ದೂರೂ ಅದೇ ಕಾರ್ಯವನ್ನು ಕುರಿತು ಎದ್ದಿತು. ಬಾಂಗ್ಲಾದೇಶವು 2013ರಲ್ಲಿ ಬಿ.ಟಿ. ಬದನೆಗೆ ಒಪ್ಪಿಗೆಯಿತ್ತು, ಮರುವರ್ಷ ಸರ್ಕಾರಿ ಸಂಶೋಧನಾ ಸಂಸ್ಥೆಯ ಮೂಲಕ ಇಪ್ಪತ್ತು ರೈತರಿಂದ ಬೇಸಾಯವನ್ನು ಆರಂಭಿಸಿತು. ಅಲ್ಲಿ ಕೀಟನಾಶಕದ ಬಳಕೆ ತಗ್ಗಿದುದನ್ನು ಅಧ್ಯಯನಗಳು ತೋರಿಸಿವೆ. ವಂಶವಾಹಿ ಒಂದೇ, ಒಡೆತನ ಬೇರೆ. ಆದುದರಿಂದ ಒಡೆತನದ ದೋಷವನ್ನು ವಂಶವಾಹಿಯ ಮೇಲೂ, ವಂಶವಾಹಿಯ ಗುಣವನ್ನು ಒಡೆತನದ ಮೇಲೂ ಹೊರಿಸುವುದು ತರ್ಕಬದ್ಧವಲ್ಲ.

1998ರ ಬೆಂಕಿಗೂ 2010ರ ಸಭೆಗೂ ನಡುವಣ ಅಂತರವನ್ನು ನಾವು ಗಮನಿಸಬೇಕು. ಮೊದಲನೆಯದರಲ್ಲಿ ರೈತನಿಗೆ ಕೇಳುವವರಿರಲಿಲ್ಲ. ಎರಡನೆಯದರಲ್ಲಿ ವಿಜ್ಞಾನಿಯೂ ರೈತನೂ ಗ್ರಾಹಕನೂ ಒಂದೇ ಸಭಾಂಗಣದಲ್ಲಿ, ಗದ್ದಲದ ನಡುವೆಯಾದರೂ, ಸಚಿವರ ಎದುರಿಗೆ ನಿಂತು ಮಾತನಾಡಿದರು. ಆ ವರ್ಷವೇ ಅನುಮೋದನಾ ಸಮಿತಿಯು ಮೌಲ್ಯಮಾಪನ ಸಮಿತಿಯೆಂಬ ಹೆಸರನ್ನು ತಳೆಯಿತು. ಆದರೆ ತಡೆಯಾಜ್ಞೆಯು ನಿಷೇಧವಾಗಿರಲಿಲ್ಲ. ಸ್ವತಂತ್ರ ಪರೀಕ್ಷೆ ನಡೆಯುವವರೆಗಿನ ವಿರಾಮವಾಗಿತ್ತು. ಆ ವಿರಾಮವನ್ನು ಸದುಪಯೋಗಪಡಿಸಿಕೊಳ್ಳಲಿಲ್ಲವೆಂಬುದಕ್ಕೆ ಸಾಸಿವೆಯ ಪ್ರಕರಣವೇ ಸಾಕ್ಷಿ. 2022ರಲ್ಲಿ ಕುಲಾಂತರಿ ಸಾಸಿವೆಗೆ ಸಮ್ಮತಿ ದೊರೆತಾಗ ಅವೇ ವಾದಗಳು ಮರಳಿ ಎದ್ದುವು. 2024ರ ಜುಲೈಯಲ್ಲಿ ಸರ್ವೋಚ್ಚ ನ್ಯಾಯಾಲಯದ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪುಗಳನ್ನಿತ್ತರು. ಈ ವಿಷಯದಲ್ಲಿ ರಾಷ್ಟ್ರೀಯ ನೀತಿಯೊಂದು ಬೇಕೆಂಬುದನ್ನು ಮಾತ್ರ ಇಬ್ಬರೂ ಒಪ್ಪಿದರು.

ನಮ್ಮ ವಿದ್ಯಾರ್ಥಿಗಳು ಈ ವಿಷಯದಲ್ಲಿ ಪರ ಅಥವಾ ವಿರೋಧ ಎಂದು ಕೈಯೆತ್ತುವ ಮುನ್ನ, ತಾವು ಮೂರರಲ್ಲಿ ಯಾವ ಪ್ರಶ್ನೆಗೆ ಉತ್ತರಿಸುತ್ತಿದ್ದೇವೆಂಬುದನ್ನು ಕೇಳಿಕೊಳ್ಳಲಿ. ಆರೋಗ್ಯದ ಪ್ರಶ್ನೆಯನ್ನು ಪ್ರಯೋಗಶಾಲೆ ಬಗೆಹರಿಸಬಹುದು. ಹೊಲದ ಪ್ರಶ್ನೆಗೆ ಹಲವು ವರ್ಷಗಳ ಅನುಭವ ಬೇಕು. ಬೀಜವು ಯಾರದೆಂಬ ಪ್ರಶ್ನೆಯನ್ನು ಪ್ರಜೆಗಳೇ ತೀರ್ಮಾನಿಸಬೇಕು.