ಸಕುರಾಡಾಮೊನ್: ಹಿಮದ ಮೇಲೆ ನೆತ್ತರು ಹರಿದ ಹೆಬ್ಬಾಗಿಲು

ಟೋಕಿಯೊ ನಗರದ ನಡುಮಧ್ಯೆ ಜಪಾನಿನ ಚಕ್ರವರ್ತಿಯ ಅರಮನೆಯಿದೆ. ಅದರ ಕಂದಕವನ್ನು ಸುತ್ತುವರಿದ ಸುಮಾರು ಐದು ಕಿಲೋಮೀಟರ್ ಹಾದಿಯಲ್ಲಿ ಮುಂಜಾನೆ, ಸಂಜೆ ಎನ್ನದೆ ಜನ ಓಡುತ್ತಿರುತ್ತಾರೆ. ಈ ಓಟಗಾರರು ದಿನನಿತ್ಯ ಹಾದುಹೋಗುವ ಹಳೆಯ ಬಾಗಿಲೊಂದರ ಹೊರಗೆ 1860ರಲ್ಲಿ ದೇಶದ ಅತ್ಯಂತ ಪ್ರಬಲ ಆಡಳಿತಗಾರನ ತಲೆ ಉರುಳಿತ್ತು. ಆ ಬಾಗಿಲೇ ಸಕುರಾಡಾಮೊನ್. ಜಪಾನಿ ಭಾಷೆಯಲ್ಲಿ 'ಮೊನ್' ಎಂದರೆ ಬಾಗಿಲು. ಸಕುರಾಡಾ ಎಂಬುದು ಆ ಪ್ರದೇಶದ ಹಳೆಯ ಹೆಸರು.

ಇಂದಿನ ಅರಮನೆ ಇರುವುದು ಹಿಂದಿನ ಎಡೊ ಕೋಟೆಯ ನೆಲದಲ್ಲಿ. 1457ರಲ್ಲಿ ಓಟಾ ಡೋಕನ್ ಎಂಬ ಯೋಧ ಇಲ್ಲಿ ಮೊದಲ ಕೋಟೆ ಕಟ್ಟಿದ. 1590ರಲ್ಲಿ ಟೊಕುಗಾವಾ ಇಯೆಯಾಸು ಇಲ್ಲಿಗೆ ಬಂದು ನೆಲೆಸಿದ ಮೇಲೆ ಅದು ವಿಸ್ತಾರಗೊಂಡು, ಎರಡೂವರೆ ಶತಮಾನಗಳಿಗೂ ಹೆಚ್ಚು ಕಾಲ ಶೋಗನ್‌ಗಳ ರಾಜಧಾನಿಯಾಯಿತು. ಸಕುರಾಡಾಮೊನ್ ನಿರ್ಮಾಣವಾದದ್ದು 1636ರ ವೇಳೆಗೆ. ಈಗಿನ ರೂಪಕ್ಕೆ 1663ರಲ್ಲಿ ಮತ್ತೆ ಕಟ್ಟಿದ ಬಾಗಿಲೇ ಮೂಲ. 1923ರ ಸೆಪ್ಟೆಂಬರ್ 1ರಂದು ಸಂಭವಿಸಿದ ಕಾಂಟೊ ಮಹಾಭೂಕಂಪದಲ್ಲಿ ಬಾಗಿಲಿಗೆ ಹಾನಿಯಾಯಿತು. ಬಳಿಕ ಅದನ್ನು ಹಳೆಯ ರೂಪದಲ್ಲಿಯೇ ಜೀರ್ಣೋದ್ಧಾರ ಮಾಡಲಾಯಿತು. 1961ರಲ್ಲಿ ಸರ್ಕಾರ ಇದನ್ನು ರಾಷ್ಟ್ರದ ಪ್ರಮುಖ ಸಾಂಸ್ಕೃತಿಕ ಆಸ್ತಿಯೆಂದು ಘೋಷಿಸಿತು. ಎಡೊ ಕೋಟೆಯ ಮುಖ್ಯ ಗೋಪುರ 1657ರ ಬೆಂಕಿಯಲ್ಲಿ ನಾಶವಾಗಿ ಮತ್ತೆಂದೂ ಮೇಲೇಳಲಿಲ್ಲ. ಆದ್ದರಿಂದ ಕೋಟೆಯ ಗಾತ್ರವನ್ನು ಊಹಿಸಿಕೊಳ್ಳಬೇಕಾದವರಿಗೆ ಇಂದು ಕಂದಕ, ಕಲ್ಲಿನ ಗೋಡೆ ಹಾಗೂ ಇಂಥ ಬಾಗಿಲುಗಳೇ ಆಧಾರ.

ಸಕುರಾಡಾಮೊನ್ ಒಂದು ಬಾಗಿಲಲ್ಲ, ಎರಡು. ಹೊರಗಿನಿಂದ ಬರುವವರು ಮೊದಲು ತಗ್ಗಾದ, ಹೆಂಚಿನ ಮಾಡಿನ ಬಾಗಿಲೊಂದನ್ನು ದಾಟುತ್ತಾರೆ. ಒಳಗೆ ಕಲ್ಲುಗೋಡೆಯ ವಿಶಾಲ ಅಂಗಳ. ನೇರವಾಗಿ ಮುಂದೆ ಹೋಗಲು ದಾರಿಯಿಲ್ಲ. ಬಲಕ್ಕೆ ತಿರುಗಿದರೆ ಮಾತ್ರ ಎರಡನೆಯ ಬಾಗಿಲು ಎದುರಾಗುತ್ತದೆ. ಅದು ಬಹು ಎತ್ತರದ್ದು, ನೆತ್ತಿಯ ಮೇಲೆ ಬಿಳಿ ಗಾರೆಯ ಉದ್ದನೆಯ ಕಾವಲು ಕೊಠಡಿಯನ್ನು ಹೊತ್ತಿದೆ. ಈ ವಿನ್ಯಾಸವನ್ನು ಜಪಾನೀಯರು 'ಮಸುಗಾಟಾ' ಎನ್ನುತ್ತಾರೆ. 'ಮಸು' ಎಂದರೆ ಅಕ್ಕಿ ಅಳೆಯುವ ಚೌಕಾಕಾರದ ಮರದ ಪೆಟ್ಟಿಗೆ, ನಮ್ಮ ಸೇರು-ಪಾವುಗಳಂಥದೇ ಅಳತೆ. ಹೊರಬಾಗಿಲು ಮುರಿದು ನುಗ್ಗಿದ ಶತ್ರುಸೈನ್ಯ ವೇಗ ಕಳೆದುಕೊಂಡು, ಅಳತೆಯ ಪೆಟ್ಟಿಗೆಯಲ್ಲಿ ಬಿದ್ದ ಕಾಳಿನಂತೆ ಸಿಕ್ಕಿಬೀಳಬೇಕು ಎಂಬುದು ಲೆಕ್ಕಾಚಾರ. ಇಲ್ಲಿ ಇನ್ನೊಂದು ವಿಶೇಷವುಂಟು. ಅಂಗಳದ ಕಂದಕದ ಕಡೆಗೆ ಗೋಡೆಯನ್ನೇ ಎಬ್ಬಿಸಿಲ್ಲ. ಮೊದಲ ನೋಟಕ್ಕೆ ಇದು ಲೋಪದಂತೆ ತೋರುತ್ತದೆ. ಆದರೆ ನೀರಿನ ಆಚೆ ದಡದ ಕೋಟೆಭಾಗದಿಂದ ಬಾಣ, ಗುಂಡು ಹಾರಿಸಲು ಅನುಕೂಲವಾಗಲೆಂದೇ ಅದನ್ನು ತೆರೆದಿಟ್ಟದ್ದು.

ಇಷ್ಟೆಲ್ಲ ರಕ್ಷಣೆಯಿದ್ದರೂ ಅಪಾಯ ಬಂದದ್ದು ಮುತ್ತಿಗೆಯ ರೂಪದಲ್ಲಲ್ಲ. 1860ರ ಮಾರ್ಚ್ 24ರ ಬೆಳಿಗ್ಗೆ ಹಿಮ ಸುರಿಯುತ್ತಿತ್ತು. ಶೋಗನ್ ಆಡಳಿತದ ಅತ್ಯುನ್ನತ ಅಧಿಕಾರಿ, ಹಿಕೋನೆ ಸಂಸ್ಥಾನದ ಒಡೆಯ ಇಯಿ ನಾವೊಸುಕೆ ಪಲ್ಲಕ್ಕಿಯಲ್ಲಿ ಕುಳಿತು, ಅನತಿದೂರದ ತನ್ನ ನಿವಾಸದಿಂದ ಕೋಟೆಯತ್ತ ಹೊರಟಿದ್ದ. ಚಕ್ರವರ್ತಿಯ ಸಮ್ಮತಿಯಿಲ್ಲದೆ 1858ರಲ್ಲಿ ಅಮೆರಿಕದೊಡನೆ ವಾಣಿಜ್ಯ ಒಪ್ಪಂದಕ್ಕೆ ಮುಂದಾದದ್ದು, ವಿರೋಧಿಗಳನ್ನು ಸೆರೆಮನೆಗೆ, ಗಲ್ಲಿಗೆ ಕಳುಹಿಸಿದ್ದು ಆತನ ಮೇಲಿನ ಆಕ್ರೋಶಕ್ಕೆ ಕಾರಣ. ದಾರಿಯಲ್ಲಿ ಕಾದಿದ್ದವರು ಹದಿನೆಂಟು ಮಂದಿ: ಮಿಟೊ ಸಂಸ್ಥಾನವನ್ನು ತೊರೆದು ಬಂದ ಹದಿನೇಳು ಯೋಧರು, ಸತ್ಸುಮಾದ ಒಬ್ಬ. ಪಿಸ್ತೂಲಿನಿಂದ ಒಂದು ಗುಂಡು ಹಾರಿತು. ಹಿಮದಿಂದ ಕೆಡದಿರಲೆಂದು ಕಾವಲಿನವರು ಕತ್ತಿಗಳಿಗೆ ಹೊದಿಕೆ ಹಾಕಿ ಬಿಗಿದಿದ್ದರು. ಅವನ್ನು ಬಿಚ್ಚುವಷ್ಟೂ ಸಮಯ ಅವರಿಗೆ ಸಿಗಲಿಲ್ಲ. ನಾವೊಸುಕೆಯನ್ನು ಪಲ್ಲಕ್ಕಿಯಿಂದ ಹೊರಗೆಳೆದು ಸತ್ಸುಮಾದ ಯೋಧ ಶಿರಚ್ಛೇದ ಮಾಡಿದ.

ವಿಚಿತ್ರವೆಂದರೆ, ಎಲ್ಲರ ಕಣ್ಣೆದುರು ನಡೆದ ಈ ಸಾವನ್ನು ಸರ್ಕಾರ ಕೆಲಕಾಲ ಒಪ್ಪಿಕೊಳ್ಳಲೇ ಇಲ್ಲ. ಉತ್ತರಾಧಿಕಾರ ಇತ್ಯರ್ಥವಾಗದೆ ಒಡೆಯ ಹೀಗೆ ಸತ್ತರೆ ಮನೆತನದ ಸಂಸ್ಥಾನಕ್ಕೇ ಕುತ್ತು. ಆದಕಾರಣ ಆತ ಗಾಯಗೊಂಡಿದ್ದಾನೆಂದಷ್ಟೇ ಅಧಿಕೃತವಾಗಿ ವರದಿ ಸಲ್ಲಿಸಲಾಯಿತು! ಅಧಿಕಾರದ ಬುಡ ಅಲುಗಿದ್ದನ್ನು ಮಾತ್ರ ಕಾಗದದಿಂದ ಮುಚ್ಚಲಾಗಲಿಲ್ಲ. ಎಂಟು ವರ್ಷ ತುಂಬುವುದರೊಳಗೆ ಶೋಗನ್ ಆಳ್ವಿಕೆ ಕೊನೆಗೊಂಡಿತು. ನಾವೊಸುಕೆಯ ಸಮಾಧಿ ಟೋಕಿಯೊದ ಗೋಟೊಕುಜಿ ದೇವಾಲಯದಲ್ಲಿದೆ.

'ಸಕುರಾಡಾಮೊನ್ ಘಟನೆ' ಎಂಬ ಹೆಸರು ಇನ್ನೊಂದು ಪ್ರಕರಣಕ್ಕೂ ಸಲ್ಲುತ್ತದೆ. ಕೊರಿಯಾ ಜಪಾನಿನ ವಸಾಹತಾಗಿದ್ದ ಕಾಲದಲ್ಲಿ, 1932ರ ಜನವರಿ 8ರಂದು, ಲೀ ಬೊಂಗ್-ಚಾಂಗ್ ಎಂಬ ಕೊರಿಯನ್ ಹೋರಾಟಗಾರ ಈ ಬಾಗಿಲ ಸಮೀಪ ಚಕ್ರವರ್ತಿ ಹಿರೊಹಿಟೊ ಅವರ ಮೆರವಣಿಗೆಯ ಮೇಲೆ ಬಾಂಬ್ ಎಸೆದ. ಚಕ್ರವರ್ತಿ ಪಾರಾದರು, ಲೀಯನ್ನು ಅದೇ ವರ್ಷದ ಅಕ್ಟೋಬರ್‌ನಲ್ಲಿ ಗಲ್ಲಿಗೇರಿಸಲಾಯಿತು. ಕೊರಿಯಾದಲ್ಲಿ ಆತ ಹುತಾತ್ಮ. ಅವನ ಅಸ್ಥಿ 1946ರಲ್ಲಿ ಸೋಲ್ ನಗರಕ್ಕೆ ಮರಳಿತು.

ಸಬ್‌ವೇಯ ಯುರಾಕುಚೊ ಮಾರ್ಗದಲ್ಲಿ ಸಕುರಾಡಾಮೊನ್ ಹೆಸರಿನದೇ ನಿಲ್ದಾಣವಿದ್ದು, ಮೇಲೆ ಬಂದರೆ ಬಾಗಿಲು ಕಾಲ್ನಡಿಗೆಯ ದೂರದಲ್ಲಿದೆ. ಪ್ರವೇಶ ಶುಲ್ಕವಿಲ್ಲ. ರಸ್ತೆಯ ಆಚೆ ಬದಿಯಲ್ಲಿ ಟೋಕಿಯೊ ಪೊಲೀಸರ ಕೇಂದ್ರ ಕಚೇರಿಯಿದೆ. ಸ್ಥಳೀಯರ ಆಡುಮಾತಿನಲ್ಲಿ 'ಸಕುರಾಡಾಮೊನ್' ಎಂದರೆ ಪೊಲೀಸ್ ಇಲಾಖೆ ಎಂದೇ ಅರ್ಥ. ಒಳ ಅಂಗಳದಲ್ಲಿ ನಿಂತು ಕಲ್ಲುಗಳನ್ನು ನೋಡಬಯಸುವವರು ಗೋಡೆಯ ಬದಿಗೆ ಸರಿದು ನಿಲ್ಲುವುದು ಲೇಸು. ಓಟಗಾರರು ತಿರುವಿನಲ್ಲಿ ವೇಗ ತಗ್ಗಿಸುವುದಿಲ್ಲ.