ಸ್ಪರ್ಶ ಒತ್ತಡದ ಗಣಕ ಅನುಕರಣೆ
ಯಂತ್ರದ ಬಿಡಿಭಾಗಗಳು ಒಂದಕ್ಕೊಂದು ತಾಗುವಲ್ಲಿ ಹುಟ್ಟುವ ಒತ್ತಡವನ್ನು ಕಂಪ್ಯೂಟರಿನಲ್ಲಿ ಮೊದಲೇ ಲೆಕ್ಕಹಾಕುವ ವಿಧಾನ. ಜರ್ಮನಿಯ ಹೈನ್‌ರಿಖ್ ಹರ್ಟ್ಸ್ 1880ರ ದಶಕದ ಆರಂಭದಲ್ಲಿ ಇದಕ್ಕೆ ಗಣಿತದ ಬುನಾದಿ ಹಾಕಿದ.

ಈ ಲೆಕ್ಕ ಎಷ್ಟು ಮುಖ್ಯವೆಂಬುದಕ್ಕೆ ಚಳ್ಳಕೆರೆ ತಾಲ್ಲೂಕಿನಲ್ಲಿ ಒಳ್ಳೆಯ ನಿದರ್ಶನವಿದೆ. ಇಲ್ಲಿನ ಡಿಆರ್‌ಡಿಒ ವೈಮಾನಿಕ ಪರೀಕ್ಷಾ ವಲಯದಲ್ಲಿ 2024ರ ಜೂನ್ 23ರಂದು ಇಸ್ರೋದ ‘ಪುಷ್ಪಕ್’ ಮೂರನೇ ಬಾರಿ ನೆಲಕ್ಕಿಳಿಯಿತು. ಚಿನೂಕ್ ಹೆಲಿಕಾಪ್ಟರ್ 4.5 ಕಿ.ಮೀ. ಎತ್ತರದಲ್ಲಿ ಕೈಬಿಟ್ಟ ಈ ರೆಕ್ಕೆವಾಹನ ರನ್‌ವೇ ಮುಟ್ಟಿದ್ದು ಗಂಟೆಗೆ 320 ಕಿ.ಮೀ.ಗೂ ಮೀರಿದ ವೇಗದಲ್ಲಿ. ಪ್ರಯಾಣಿಕ ವಿಮಾನಗಳದು ಸುಮಾರು 260. ಪ್ಯಾರಾಚೂಟ್ ವೇಗವನ್ನು ಸುಮಾರು 100ಕ್ಕೆ ಇಳಿಸಿದ ಮೇಲೆಯೇ ಚಕ್ರದ ಬ್ರೇಕಿನ ಸರದಿ.

ನೆಲ ಮುಟ್ಟುವ ಗಳಿಗೆಯಲ್ಲಿ ಟೈರು ನೆಲವನ್ನು, ಚಕ್ರದ ಜೋಡಣೆಯ ಪಿನ್ನು ತನ್ನ ತೂತಿನ ಗೋಡೆಯನ್ನು ಅದುಮುತ್ತವೆ. ಭಾರ ಹೆಚ್ಚಿದಂತೆ ತಾಗುವ ಜಾಗವೂ ಅಗಲವಾಗುತ್ತದೆ. ಭಾರ ಇಮ್ಮಡಿಯಾದರೆ ಒತ್ತಡವೂ ಇಮ್ಮಡಿ ಎನ್ನುವ ಸರಳ ಲೆಕ್ಕ ಇಲ್ಲಿ ನಡೆಯದು. ಆದ್ದರಿಂದ ಭಾಗಗಳನ್ನು ಬಲೆಯಂತೆ ಸಣ್ಣ ತುಣುಕುಗಳಾಗಿ ಒಡೆದು, ಭಾರವನ್ನು ಹಂತಹಂತವಾಗಿ ಏರಿಸಿ, ಪ್ರತಿ ಹಂತದಲ್ಲೂ ಯಾವುದು ಯಾವುದಕ್ಕೆ ತಾಗಿದೆ ಎಂದು ಹೊಸದಾಗಿ ನೋಡಬೇಕು. ತಾಗುವ ಅಂಚಿನಲ್ಲಿ ಬಲೆ ಒರಟಾಗಿದ್ದರೆ ಉತ್ತರ ದಾರಿ ತಪ್ಪುತ್ತದೆ. ಘರ್ಷಣೆಯ ಅಂಕಿಯಂತೂ ಸದಾ ತಲೆನೋವು.

ಇಂಥ ರಚನಾ ವಿಶ್ಲೇಷಣೆಗೆಂದೇ ಇಸ್ರೋದ ವಿಕ್ರಮ್ ಸಾರಾಭಾಯ್ ಬಾಹ್ಯಾಕಾಶ ಕೇಂದ್ರ ‘ಫೀಸ್ಟ್’ ಎಂಬ ಸ್ವಂತ ತಂತ್ರಾಂಶವನ್ನು ರೂಪಿಸಿಕೊಂಡಿದೆ.